ಕಟ್ ಹೇಳದೆ ಬಿಟ್ಟ 9 ಸೆಕೆಂಡ್

ಚಿಕ್ಕಮ್ಮ ಬಾಗಿಲಿಗೆ ಬೀಗ ಹಾಕುತ್ತಾಳೆ. ಒಂದು ಸಲ ಎಳೆದು ನೋಡುತ್ತಾಳೆ. ಕೀಲಿ ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ನನ್ನ ಸ್ಕ್ರಿಪ್ಟಿನಲ್ಲಿ ಇದ್ದದ್ದು ಇಷ್ಟೇ. ಅಲ್ಲಿಗೆ ಶಾಟ್ ಮುಗಿಯಬೇಕಿತ್ತು. ಆದರೆ ಆ ಜಾಗದ ಸದ್ದು ಇನ್ನೊಂದಿಷ್ಟು ಬೇಕು ಅಂತ ನಾನು ಕಟ್ ಹೇಳದೆ ಸುಮ್ನೆ ನಿಂತಿದ್ದೆ. ಮೈಕ್ ಓಡುತ್ತಿತ್ತು, ಕ್ಯಾಮೆರಾನೂ ಓಡುತ್ತಿತ್ತು. ಶಾಟ್ ಮುಗಿಯಿತು ಅಂದುಕೊಂಡ ಚಿಕ್ಕಮ್ಮ ಹಣೆಯನ್ನು ಬಾಗಿಲಿಗೆ ಒರಗಿಸಿ, ಕಣ್ಣು ಮುಚ್ಚಿ, ಒಂದು ಉದ್ದ ಉಸಿರು ಬಿಟ್ಟಳು. ಆಮೇಲೆ ಯಾರದೋ ಫೋನ್ ರಿಂಗ್ ಆಯಿತು. ಬೆಚ್ಚಿ ತಿರುಗಿ "ಮುಗೀತಾ?" ಅಂದಳು.

ಹಣೆ ಬಾಗಿಲಿಗೆ ತಾಗಿದಲ್ಲಿಂದ ಫೋನ್ ರಿಂಗ್ ಆಗುವವರೆಗೆ 9 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಅಂದರೆ 216 ಫ್ರೇಮ್. ಮೂರು ವಾರದಿಂದ ಇವುಗಳ ಮುಂದೆ ಕೂತಿದ್ದೇನೆ. 11 ನಿಮಿಷದ ನನ್ನ ಶಾರ್ಟ್ ಫಿಲ್ಮಿನಲ್ಲಿ ಇಷ್ಟು ನಿಜವಾದದ್ದು ಬೇರೆ ಏನೂ ಇಲ್ಲ. ಮತ್ತು ಅವಳು ನನಗೆ ಅಂತ ಕೊಡದೇ ಇದ್ದದ್ದು ಇದೊಂದೇ.

ಕಥೆ ದೊಡ್ಡದೇನಲ್ಲ. ಒಬ್ಬ ಹೆಂಗಸು ಬಹಳ ವರ್ಷ ಇದ್ದ ಬಾಡಿಗೆ ಮನೆ ಖಾಲಿ ಮಾಡುವ ಕೊನೆಯ ದಿನ. ಹೋದ ವರ್ಷ ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ 22 ವರ್ಷ ಬಾಳಿದ ಮನೆಯನ್ನು ಬಿಟ್ಟು ಬಂದಿದ್ದಳು. ಸಾಮಾನು ಹೊರಲು ನಾನೂ ಹೋಗಿದ್ದೆ. ಆ ದಿನ ನೋಡಿದ್ದನ್ನೇ ಬರೆದೆ. ಆದರೆ ಅವಳ ಹತ್ತಿರ "ಒಂದು ಕಥೆ ಇದೆ, ನೀನು ಮಾಡ್ತೀಯಾ?" ಅಂತಷ್ಟೇ ಕೇಳಿದೆ. ಕಥೆ ಎಲ್ಲಿಂದ ಬಂತು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಬೇಕಿತ್ತು. ಇದನ್ನು ಬರೆಯುವಾಗಲೂ ಆ ಮಾತು ಚುಚ್ಚುತ್ತಿದೆ.

ನನ್ನ ದಿನ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಇದಕ್ಕೂ ಅದಕ್ಕೂ ಸಂಬಂಧ ಇದೆ. ಬೆಳಿಗ್ಗೆ ಐದರಿಂದ ಎಂಟರವರೆಗೆ ನನ್ನ ಸ್ವಂತ ಕೆಲಸ. ಆಮೇಲೆ ಹೊಟ್ಟೆಪಾಡಿನ ಕೆಲಸ. ಒಂದು ಸಣ್ಣ ಸ್ಟುಡಿಯೋದಲ್ಲಿ ಬೇರೆಯವರ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ಕಂಪನಿಗಳ ತರಬೇತಿ ವಿಡಿಯೋ, ಭಾಷಣ, ಸಂದರ್ಶನ, ಹೀಗೆ. ಅಲ್ಲಿ ಎರಡು ನಿಯಮ. ಮೊದಲ ಮೂರು ಸೆಕೆಂಡಿನಲ್ಲಿ ಏನಾದರೂ ಆಗಬೇಕು. ಮಾತಿನ ನಡುವೆ ಖಾಲಿ ಜಾಗ ಇರಬಾರದು. ಈಗ ಅದಕ್ಕೆ ಸಾಫ್ಟ್‌ವೇರಿನಲ್ಲೇ ಬಟನ್ ಬಂದಿದೆ. ಒತ್ತಿದರೆ ಮಾತಿಲ್ಲದ ಜಾಗವನ್ನೆಲ್ಲ ತಾನೇ ಹುಡುಕಿ ಕಿತ್ತು ಹಾಕುತ್ತದೆ. ಉಸಿರು, ತಡವರಿಕೆ, ಯೋಚನೆ, ಎಲ್ಲ ಹೋಗುತ್ತದೆ. ನಲವತ್ತು ನಿಮಿಷದ ಮಾತು ಇಪ್ಪತ್ತೆಂಟಕ್ಕೆ ಇಳಿಯುತ್ತದೆ.

ಒಮ್ಮೆ ಒಬ್ಬ ಹೆಂಗಸಿನ ಸಂದರ್ಶನ ಬಂದಿತ್ತು. ತಾನು ಕೆಲಸಕ್ಕೆ ಸೇರಿದ ಕಥೆ ಹೇಳುತ್ತಾ ಅವರು "ಆಗ ನಮ್ಮಮ್ಮ" ಅಂದು ನಿಲ್ಲಿಸಿದರು. ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ "ಇದ್ರು ಆಗ" ಅಂದರು. ಬಟನ್ ಒತ್ತಿದಾಗ ಅದು "ಆಗ ನಮ್ಮಮ್ಮ ಇದ್ರು ಆಗ" ಅಂತ ಆಯಿತು. ಎಲ್ಲ ಪದಗಳೂ ಇವೆ, ಅಮ್ಮ ಮಾತ್ರ ಇಲ್ಲ. ನಾನು ಆ ನಾಲ್ಕು ಸೆಕೆಂಡನ್ನು ವಾಪಸ್ ಹಾಕಿದೆ. ತೆಗೆಯಲು ಹೇಳಿದರು. ತೆಗೆದೆ. ಸಂಬಳ ಬೇಕಲ್ವಾ. ಆದರೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ದಿನವಿಡೀ ಜನರ ಉಸಿರನ್ನು ಕತ್ತರಿಸುವುದು ನನ್ನ ಕೆಲಸ, ಮತ್ತು ನನ್ನ ಸ್ವಂತ ಸಿನಿಮಾದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ವಸ್ತು ಒಂದು ಉಸಿರು.

ಸಂಜೆ ಬಂದ ಮೇಲೆ ರೆಕಾರ್ಡರ್ ಹಿಡಿದು ಸುತ್ತುತ್ತೇನೆ. ಮೆಟ್ಟಿಲಿನ ಸದ್ದು, ಲಿಫ್ಟಿನ ಸದ್ದು, ಖಾಲಿ ಕೋಣೆಯ ಸದ್ದು. ಖಾಲಿ ಕೋಣೆಗೂ ಸದ್ದು ಇರುತ್ತದೆ, ಸಿನಿಮಾದವರು ಅದನ್ನು ರೂಮ್ ಟೋನ್ ಅನ್ನುತ್ತಾರೆ. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಅಲುಗಾಡದೆ ನಿಂತು, ಅರ್ಧ ನಿಮಿಷವೋ ಒಂದು ನಿಮಿಷವೋ ಆ ಜಾಗ ಸುಮ್ಮನಿರುವುದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಎರಡು ಮಾತಿನ ನಡುವೆ ಅದನ್ನು ತುಂಬದಿದ್ದರೆ ಸದ್ದು ಹಳ್ಳಕ್ಕೆ ಬಿದ್ದ ಹಾಗೆ ಕೇಳಿಸುತ್ತದೆ. ಇಷ್ಟು ಜನ ಸೇರಿ ಸುಮ್ಮನೆ ನಿಲ್ಲುವ ಇನ್ನೊಂದು ಕೆಲಸ ನಾನು ಕಂಡಿಲ್ಲ. ನನಗೆ ಶೂಟಿಂಗಿನಲ್ಲಿ ಅತಿ ಇಷ್ಟದ ಹೊತ್ತು ಅದೇ.

ಸದ್ದಿನ ಹುಚ್ಚು ನನಗೆ ಹತ್ತಿದ್ದು ಜ್ಯಾಕ್ ಫೋಲಿ ಬಗ್ಗೆ ಓದಿದ ಮೇಲೆ. 1920ರ ದಶಕದ ಕೊನೆಯಲ್ಲಿ ಸಿನಿಮಾಕ್ಕೆ ಮಾತು ಬಂದಾಗ, ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಅವರು ತೆರೆಯ ಮೇಲಿನ ಚಿತ್ರ ನೋಡುತ್ತಾ ನಟರ ನಡಿಗೆಗೆ ಸರಿಯಾಗಿ ಹೆಜ್ಜೆ ಹಾಕಿ ಸದ್ದು ಕೂಡಿಸುತ್ತಿದ್ದರು. ಆ ಕೆಲಸಕ್ಕೆ ಇವತ್ತಿಗೂ ಅವರದೇ ಹೆಸರು. ಹಿಮದ ಮೇಲಿನ ಹೆಜ್ಜೆಗೆ ಕಾರ್ನ್‌ಸ್ಟಾರ್ಚ್ ಚೀಲ ಹಿಸುಕುತ್ತಾರೆ, ಹಕ್ಕಿಯ ರೆಕ್ಕೆಗೆ ಚರ್ಮದ ಕೈಗವಸು ಬಡಿಯುತ್ತಾರೆ. ಇದು ಮೋಸ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಹಕ್ಕಿ ಹಾರಿದ್ದು ನಿಜ, ಅದು ನಮಗೆ ಕೇಳಿಸಲಿ ಅಂತ ಒಬ್ಬ ಮನುಷ್ಯ ಕತ್ತಲಲ್ಲಿ ನಿಂತು ಕೈಗವಸು ಬಡಿಯುತ್ತಿದ್ದಾನೆ. ಎಷ್ಟು ಪ್ರೀತಿಯ ಕೆಲಸ!

ಸಿನಿಮಾ ನೋಡುವುದು ರಾತ್ರಿ. ಇಷ್ಟವಾದದ್ದನ್ನು ಮೂರು ಸಲ ನೋಡುತ್ತೇನೆ. ಒಂದು ಸಲ ಎಲ್ಲರ ಹಾಗೆ. ಇನ್ನೊಂದು ಸಲ ಸದ್ದು ಪೂರ್ತಿ ಬಂದ್ ಮಾಡಿ. ಮೂರನೇ ಸಲ ಕಣ್ಣು ಮುಚ್ಚಿ, ಕಿವಿಯಲ್ಲಿ ಮಾತ್ರ. ಹೊಡೆದಾಟದ ಸಿನಿಮಾಗಳು, ದೆವ್ವದ ಸಿನಿಮಾಗಳು ನನಗೆ ಬಹಳ ಇಷ್ಟ. ನಿಧಾನದ ಸಿನಿಮಾ ಇಷ್ಟಪಡುವವರು ಇವುಗಳನ್ನು ಕೀಳಾಗಿ ನೋಡಿದರೆ ನನಗೆ ಬೇಜಾರಾಗುತ್ತದೆ. ದೆವ್ವದ ಸಿನಿಮಾದವರಿಗೆ ಗೊತ್ತಿರುವಷ್ಟು ಚೆನ್ನಾಗಿ ಕಾಯಿಸುವುದು ಬೇರೆ ಯಾರಿಗೆ ಗೊತ್ತು? ಖಾಲಿ ಕಾರಿಡಾರನ್ನು ಹತ್ತು ಸೆಕೆಂಡ್ ತೋರಿಸಿ ನಿಮ್ಮ ಬೆನ್ನಲ್ಲಿ ಬೆವರು ಇಳಿಸುತ್ತಾರೆ. ಜಪಾನಿನ ನಿರ್ದೇಶಕ ಯಾಸುಜಿರೊ ಓಝು ಕೂಡ ಖಾಲಿ ಕಾರಿಡಾರನ್ನೇ ತೋರಿಸುತ್ತಾರೆ, ನೆಲಕ್ಕೆ ಹತ್ತಿರ ಇಟ್ಟ ಕ್ಯಾಮೆರಾದಲ್ಲಿ. ಒಣ ಹಾಕಿದ ಬಟ್ಟೆ, ಚಿಮಣಿ, ಯಾರೂ ಇಲ್ಲದ ಕೋಣೆ. ಅಲ್ಲಿ ಭಯ ಇಲ್ಲ, ಈಗಷ್ಟೇ ಎದ್ದು ಹೋದವರ ನೆನಪು ಇದೆ. ಎರಡೂ ಕಡೆ ಕೆಲಸ ಒಂದೇ: ಕಟ್ ಮಾಡದೆ ತಡೆದುಕೊಳ್ಳುವುದು.

ಮೂಕಿ ಸಿನಿಮಾಗಳ ಹಾಸ್ಯನಟ ಬಸ್ಟರ್ ಕೀಟನ್ ಅವರ 1928ರ ಒಂದು ಚಿತ್ರದಲ್ಲಿ ಮನೆಯ ಮುಂದಿನ ಇಡೀ ಗೋಡೆ ಅವರ ಮೇಲೆ ಬೀಳುತ್ತದೆ. ಮೇಲಿನ ಕಿಟಕಿಯ ತೆರೆದ ಜಾಗ ಸರಿಯಾಗಿ ಅವರು ನಿಂತಲ್ಲಿಗೆ ಬಂದದ್ದರಿಂದ ಉಳಿಯುತ್ತಾರೆ. ಗೋಡೆ ನಿಜವಾದ ಭಾರದ್ದು. ಕಟ್ ಇಲ್ಲ. ಅಲ್ಲಿ ಕಟ್ ಇದ್ದಿದ್ದರೆ ಅದು ಬರೀ ಒಂದು ತಮಾಷೆ ಆಗುತ್ತಿತ್ತು. ನಾನು ಅದನ್ನು ನೋಡಿದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ.

ಸಿನಿಮಾವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವ ಗೆಳೆಯರು ನನಗಿದ್ದಾರೆ. ಅವರ ಜೊತೆ ಜಗಳ ಆಡಿ ಸೋತಿದ್ದೇನೆ. ಅದರ ಬಗ್ಗೆ ಜಾಸ್ತಿ ಬರೆಯಲ್ಲ.

ಎಡಿಟಿಂಗ್ ಬಗ್ಗೆ ನನಗೆ ಜಾಸ್ತಿ ಕಲಿಸಿದ್ದು ಹಾಲಿವುಡ್ಡಿನ ಎಡಿಟರ್ ವಾಲ್ಟರ್ ಮರ್ಚ್ ಅವರ ಮಾತುಗಳು. ಅವರು ನಿಂತುಕೊಂಡೇ ಎಡಿಟ್ ಮಾಡುತ್ತಾರೆ. ಪರದೆಯ ಪಕ್ಕ ಕಾಗದದಲ್ಲಿ ಕತ್ತರಿಸಿದ ಪುಟ್ಟ ಮನುಷ್ಯರ ಆಕಾರ ಅಂಟಿಸಿಕೊಳ್ಳುತ್ತಿದ್ದರು, ಥಿಯೇಟರಿನಲ್ಲಿ ಚಿತ್ರ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು ಮರೆಯದಿರಲಿ ಅಂತ. ತಾನು ಕಟ್ ಮಾಡಿದ ಜಾಗಗಳನ್ನು ನೋಡಿದರೆ ಬಹಳ ಸಲ ಅದು ನಟ ಕಣ್ಣು ಮಿಟುಕಿಸುವ ಹೊತ್ತಿಗೇ ಹತ್ತಿರ ಬೀಳುತ್ತಿತ್ತು ಅಂತ ಅವರು ಗಮನಿಸಿದರು. ಒಂದು ಯೋಚನೆ ಮುಗಿದಾಗ ಮನುಷ್ಯ ಕಣ್ಣು ಮಿಟುಕಿಸುತ್ತಾನೆ, ಕಟ್ ಕೂಡ ಅದೇ ಕೆಲಸ ಮಾಡುತ್ತದೆ ಅನ್ನುವುದು ಅವರ ವಾದ. ಒಳ್ಳೆಯ ಕಟ್‌ಗೆ ಆರು ಗುಣ ಪಟ್ಟಿ ಮಾಡಿ, ಅದರಲ್ಲಿ ಭಾವಕ್ಕೇ 51 ಪರ್ಸೆಂಟ್ ಕೊಟ್ಟಿದ್ದಾರೆ. ಅಂದರೆ ಉಳಿದ ಐದೂ ಸೇರಿದರೂ ಭಾವಕ್ಕೆ ಸಮ ಆಗಲ್ಲ.

ಕಣ್ಣು ಮಿಟುಕಿಸುವ ಆ ಲೆಕ್ಕದಲ್ಲಿ ನೋಡಿದರೆ ಚಿಕ್ಕಮ್ಮ ಕಣ್ಣು ಮುಚ್ಚಿದ ಜಾಗವೇ ಕಟ್‌ಗೆ ಸರಿಯಾದ ಜಾಗ. ಭಾವದ ಲೆಕ್ಕದಲ್ಲಿ ನೋಡಿದರೆ ಕಣ್ಣು ಮುಚ್ಚಿದ ಮೇಲೆಯೇ ಎಲ್ಲ ಶುರುವಾಗುವುದು. ಎರಡನ್ನೂ ಮಾಡಿ ನೋಡಿದೆ. ಮೊದಲನೆಯದು ಅಚ್ಚುಕಟ್ಟು. ಎರಡನೆಯದನ್ನು ನೋಡುವಾಗ ನನಗೇ ಗಂಟಲು ಕಟ್ಟುತ್ತದೆ. ಆದರೆ ಭಾವಕ್ಕೆ 51 ಪರ್ಸೆಂಟ್ ಸರಿ, ಆ ಭಾವ ಯಾರದು ಅನ್ನುವುದಕ್ಕೆ ಎಷ್ಟು ಪರ್ಸೆಂಟ್? ಆ ಪ್ರಶ್ನೆ ಹುಟ್ಟಿದ್ದು ಎಡಿಟಿಂಗ್ ಟೇಬಲ್ ಮುಂದೆ ಅಲ್ಲ, ಸುದ್ದಿ ನೋಡುವಾಗ.

ಕೆಲವು ವರ್ಷದಿಂದ ಸುದ್ದಿ ಅಂದರೆ ವಿಡಿಯೋ. ಯುದ್ಧ, ಪ್ರವಾಹ, ಅಪಘಾತ, ಎಲ್ಲ ಕೈಯಲ್ಲಿರುವ ಫೋನಿಗೆ ಬಂದು ಬೀಳುತ್ತದೆ. ಮಗುವನ್ನು ಕಳೆದುಕೊಂಡ ತಾಯಿ ಆಸ್ಪತ್ರೆಯ ಹೊರಗೆ ಕೂತಿದ್ದಾಳೆ, ಕ್ಯಾಮೆರಾ ಹತ್ತಿರ ಹೋಗುತ್ತದೆ, ಇನ್ನೂ ಹತ್ತಿರ ಹೋಗುತ್ತದೆ. ಆ ಝೂಮ್ ಶುರುವಾದ ಕೂಡಲೇ ನಾನು ಫೋನ್ ಕೆಳಗೆ ಇಡುತ್ತೇನೆ. ಕ್ಯಾಮೆರಾ ಹಿಡಿದವರ ಕೈ ಏನು ಹುಡುಕುತ್ತಿದೆ ಅಂತ ನನಗೆ ಗೊತ್ತು. ನನ್ನ ಕೈಯೂ ಅದನ್ನೇ ಹುಡುಕುತ್ತದೆ. ಆಮೇಲೆ ಅದೇ ಹತ್ತು ಸೆಕೆಂಡನ್ನು ತಿರುಗಿಸಿ ತಿರುಗಿಸಿ ಹಿನ್ನೆಲೆಯಲ್ಲಿ ಓಡಿಸುತ್ತಾರೆ, ಮೇಲೆ ಯಾರೋ ಮಾತಾಡುತ್ತಿರುತ್ತಾರೆ.

ಆದರೆ ತೋರಿಸಲೇಬಾರದು ಅಂತಲೂ ಹೇಳಲಾರೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಮೊಣಕಾಲು ಊರಿ ಕೊಂದ. ಪೊಲೀಸರ ಮೊದಲ ಹೇಳಿಕೆಯಲ್ಲಿ ಇದ್ದದ್ದು ಆರೋಗ್ಯದ ತೊಂದರೆಯಿಂದ ಒಬ್ಬ ವ್ಯಕ್ತಿ ತೀರಿಕೊಂಡ ಅಂತ. ಅಂದರೆ ಅವರೂ ಒಂದು ಕಟ್ ಮಾಡಿದ್ದರು, ಮೊಣಕಾಲು ಕಾಣದ ಹಾಗೆ. ಆದರೆ ರಸ್ತೆ ಬದಿಯಲ್ಲಿ 17 ವರ್ಷದ ಒಬ್ಬ ಹುಡುಗಿ ಫೋನ್ ಹಿಡಿದು ನಿಂತಿದ್ದಳು. ಸುಮಾರು 10 ನಿಮಿಷ ನಿಲ್ಲಿಸದೆ ತೆಗೆದಳು. ಆ ವಿಡಿಯೋ ಬಂದ ಮೇಲೆ ಲೋಕವೆಲ್ಲ ಬೀದಿಗೆ ಇಳಿಯಿತು, ಮರುವರ್ಷ ಆ ಅಧಿಕಾರಿಯ ಮೇಲಿನ ಕೊಲೆ ಆರೋಪ ಕೋರ್ಟಿನಲ್ಲಿ ಸಾಬೀತಾಯಿತು, ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಆ ಹುಡುಗಿಗೆ ವಿಶೇಷ ಗೌರವ ಕೊಟ್ಟಿತು. ನಾನು ಅದನ್ನು ಪೂರ್ತಿ ನೋಡಿದ್ದು ಒಂದೇ ಸಲ. ಅವಳ ಕೈ ಹತ್ತಿರ ಹೋಗಿ ಕಣ್ಣೀರು ಹುಡುಕಲಿಲ್ಲ. ಕತ್ತರಿಸಲೂ ಇಲ್ಲ. ಆಗುತ್ತಿದ್ದದ್ದು ಪೂರ್ತಿ ಆಗುವವರೆಗೆ ಅಲ್ಲಿ ಇದ್ದಳು. ಆಸ್ಪತ್ರೆಯ ಹೊರಗಿನ ಆ ಝೂಮ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನಾನು ದಿನಾ ಯೋಚಿಸುತ್ತೇನೆ.

ಈಗ ಇನ್ನೊಂದು ಸೇರಿದೆ. ಆಗದೇ ಇದ್ದದ್ದರ ವಿಡಿಯೋ. 2024ರ ಫೆಬ್ರವರಿಯಲ್ಲಿ ಎಐ ಕಂಪನಿ ಓಪನ್‌ಎಐ ತನ್ನ ಸೋರಾ ತೋರಿಸಿದಾಗ, ಬರೀ ಬರಹ ಕೊಟ್ಟರೆ ವಿಡಿಯೋ ಹುಟ್ಟುವುದನ್ನು ನೋಡಿ ನಾನು ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅದಕ್ಕೂ ಮೊದಲೇ ವಿಡಿಯೋ ಗೇಮಿನ ತುಣುಕುಗಳು ಯುದ್ಧದ ದೃಶ್ಯ ಅಂತ ಓಡಾಡಿದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಕಣ್ಣಾರೆ ಕಂಡ ಮೇಲೆ ಇನ್ನೇನು ಪ್ರಮಾಣ ಬೇಕು ಅಂತ ಆಗ ಅನ್ನಿಸುತ್ತಿತ್ತು.

ಸಮಾಧಾನಕ್ಕೆ ಹಳೆಯದನ್ನು ಓದತೊಡಗಿದೆ. ಸಮಾಧಾನ ಸಿಗಲಿಲ್ಲ, ಬೇರೆ ಏನೋ ಸಿಕ್ಕಿತು. 1898ರಲ್ಲಿ ಸ್ಪೇನ್ ಮತ್ತು ಅಮೆರಿಕದ ನಡುವೆ ಯುದ್ಧ ನಡೆದಾಗ, ನ್ಯೂಯಾರ್ಕಿನ ಇಬ್ಬರು ಒಂದು ಮೇಜಿನ ಮೇಲೆ ನೀರು ತುಂಬಿ, ಹಡಗಿನ ಚಿತ್ರ ಕತ್ತರಿಸಿ ತೇಲಿಬಿಟ್ಟು, ಸಿಗಾರ್ ಹೊಗೆ ಊದಿ ಸಮುದ್ರ ಕಾಳಗ ತೆಗೆದರು. ಬ್ಲ್ಯಾಕ್‌ಟನ್ ಮತ್ತು ಸ್ಮಿತ್ ಅಂತ ಅವರ ಹೆಸರು, ಸ್ಮಿತ್ ಇದನ್ನೆಲ್ಲ ಮುಂದೆ ತಾವೇ ಬರೆದುಕೊಂಡರು. 1902ರಲ್ಲಿ ನಿರ್ದೇಶಕ ಜಾರ್ಜ್ ಮೆಲಿಯೆಸ್ ಇಂಗ್ಲೆಂಡಿನ ಏಳನೇ ಎಡ್ವರ್ಡ್ ರಾಜನ ಪಟ್ಟಾಭಿಷೇಕವನ್ನು ಫ್ರಾನ್ಸಿನ ತಮ್ಮ ಸ್ಟುಡಿಯೋದಲ್ಲಿ ಮುಂಚೆಯೇ ತೆಗೆದಿಟ್ಟಿದ್ದರು. ರಾಜನಿಗೆ ಹುಷಾರಿಲ್ಲದೆ ಪಟ್ಟಾಭಿಷೇಕವೇ ಮುಂದಕ್ಕೆ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ಸಿನಿಮಾ ಶುರು ಮಾಡಿದವರಲ್ಲಿ ಮೊದಲಿಗರಾದ ಫ್ರಾನ್ಸಿನ ಲೂಮಿಯೇರ್ ಸಹೋದರರು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ತೋರಿಸಿದ ಚಿತ್ರಗಳಲ್ಲಿ ಒಂದು, ಅವರದೇ ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು. ಸುಮಾರು 50 ಸೆಕೆಂಡ್. ಕ್ಯಾಮೆರಾ ಇಟ್ಟರು, ಇದ್ದದ್ದು ಇದ್ದ ಹಾಗೆ ಸಿಕ್ಕಿತು ಅಂತ ನಾನು ಬಹಳ ವರ್ಷ ನಂಬಿದ್ದೆ. ಆದರೆ ಅದರ ಮೂರು ಆವೃತ್ತಿಗಳಿವೆ. ಒಂದರಲ್ಲಿ ಒಂದು ಕುದುರೆ, ಇನ್ನೊಂದರಲ್ಲಿ ಎರಡು ಕುದುರೆ, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಅಂದರೆ ಮತ್ತೆ ಮತ್ತೆ ತೆಗೆದಿದ್ದಾರೆ. ಯಾರೂ ಕ್ಯಾಮೆರಾದ ಮುಂದೆ ನಿಂತು ಪಿಳಿಪಿಳಿ ನೋಡುವುದಿಲ್ಲ, ಎಡಕ್ಕೋ ಬಲಕ್ಕೋ ತಿರುಗಿ ಹೊರಟುಹೋಗುತ್ತಾರೆ. ಆ ಕೆಲಸಗಾರರಿಗೆ ತಮ್ಮನ್ನು ತೆಗೆಯುತ್ತಿದ್ದಾರೆ ಅಂತ ಗೊತ್ತಿತ್ತು. ಇದು ತಿಳಿದಾಗ ನನಗೆ ಮೋಸ ಹೋದೆ ಅನ್ನಿಸಲಿಲ್ಲ, ಒಂಥರಾ ಹಗುರ ಅನ್ನಿಸಿತು. ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ಹಾಗಾಗಿ ಎಐ ಬಗ್ಗೆ ನನ್ನ ಭಯ ಈಗ ಬೇರೆ ಕಡೆ ತಿರುಗಿದೆ. ಸುಳ್ಳು ದೃಶ್ಯ ಸಿನಿಮಾದಷ್ಟೇ ಹಳೆಯದು. ಆದರೆ ಮೇಜಿನ ಮೇಲೆ ಹಡಗು ತೇಲಿಸಿದವರು ಯಾರ ಮುಖವನ್ನೂ ಕದಿಯಲಿಲ್ಲ. 2023ರಲ್ಲಿ ಹಾಲಿವುಡ್ಡಿನ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಮಾಡಿದಾಗ ನಾನು ದಿನಾ ಆ ಸುದ್ದಿ ಓದುತ್ತಿದ್ದೆ. ನಟರ ಬೇಡಿಕೆಗಳಲ್ಲಿ ಒಂದು ಡಿಜಿಟಲ್ ನಕಲಿನ ಬಗ್ಗೆ ಇತ್ತು. ನನ್ನ ಮುಖ, ನನ್ನ ದನಿ, ನನ್ನ ಒಪ್ಪಿಗೆ ಇಲ್ಲದೆ ಬಳಸಬೇಡಿ, ಬಳಸಿದರೆ ದುಡ್ಡು ಕೊಡಿ. ಕೊನೆಗೆ ಒಪ್ಪಂದದಲ್ಲಿ ಒಪ್ಪಿಗೆಯ ನಿಯಮ ಬಂತು. ದೊಡ್ಡ ತಾರೆಯರಿಗಿಂತ ಇದು ಜಾಸ್ತಿ ಮುಖ್ಯ ಗುಂಪಿನಲ್ಲಿ ನಿಲ್ಲುವವರಿಗೆ, ಹೆಸರು ಬರದವರಿಗೆ. ನಾನು ಅವರ ಪರ. ಪೂರ್ತಿ ಮನಸ್ಸಿನಿಂದ.

ಅವರ ಪರ ನಿಂತು, ಎದ್ದು ಬಂದು ಲ್ಯಾಪ್‌ಟಾಪ್ ತೆರೆದರೆ ಎದುರಿಗೆ ಚಿಕ್ಕಮ್ಮನ ಹಣೆ.

ಇಟಲಿಯ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ 1948ರ ಬೈಸಿಕಲ್ ಥೀವ್ಸ್ ಸಿನಿಮಾಕ್ಕೆ ಕಾರ್ಖಾನೆಯ ಕೆಲಸಗಾರ ಲಂಬೆರ್ತೊ ಮಾಜ್ಜೊರಾನಿಯನ್ನು ನಾಯಕನಾಗಿ ಹಾಕಿಕೊಂಡರು. ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಮನುಷ್ಯನ ಪಾತ್ರ. ಲೋಕವೆಲ್ಲ ಆ ಮುಖವನ್ನು ಹೊಗಳಿತು. ಸಿನಿಮಾ ಮುಗಿಸಿ ಕಾರ್ಖಾನೆಗೆ ವಾಪಸ್ ಹೋದ ಅವರು ಅಲ್ಲಿ ಕೆಲಸ ಕಳೆದುಕೊಂಡರು. ಆ ಸಿನಿಮಾ ನನಗೆ ಪ್ರಾಣ. ಆದರೂ ಕೊನೆಯ ದೃಶ್ಯದಲ್ಲಿ ಅವರ ಮುಖ ನೋಡುವಾಗ ಈಗ ನನಗೆ ಪಾತ್ರ ಮಾತ್ರ ಕಾಣುವುದಿಲ್ಲ. ನಟರಲ್ಲದವರನ್ನು ಹಾಕಿಕೊಳ್ಳುವುದು ಅಗ್ಗ, ಸುಲಭ, ಸಹಜ ಅಂತ ನಮ್ಮಂಥವರು ಹೇಳುತ್ತಿರುತ್ತೇವೆ. ನಟನಿಗೆ ಎಲ್ಲಿ ನಿಲ್ಲಿಸಬೇಕು ಗೊತ್ತು, ಏನು ಕೊಡಬೇಕು ಏನು ಇಟ್ಟುಕೊಳ್ಳಬೇಕು ಗೊತ್ತು. ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಅವಳ ಬದಲು ಅದನ್ನು ನೋಡಿಕೊಳ್ಳಬೇಕಾದದ್ದು ನಾನು. ಆ ಒಂದು ಪದ, ಕಟ್, ಅವಳಿಗಾಗಿ ನಾನು ಹೇಳಬೇಕಿದ್ದ ಪದ.

ಹೋದ ಶನಿವಾರ ಅವಳನ್ನು ಕರೆದು ಕೂರಿಸಿದೆ. ಕಥೆ ಎಲ್ಲಿಂದ ಬಂತು ಅಂತ ಮೊದಲು ಹೇಳಿದೆ. ಆಮೇಲೆ 9 ಸೆಕೆಂಡಿನ ವಿಷಯ ಹೇಳಿದೆ. ಬೇಡ ಅಂದರೆ ಈಗಲೇ ನಿನ್ನ ಎದುರೇ ಅಳಿಸುತ್ತೇನೆ ಅಂದೆ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಸಿನಿಮಾ ನೋಡಿದಳು. ನಾನು ಪರದೆ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ, ನೆಲ ನೋಡುತ್ತಿದ್ದೆ.

ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬೀಗ ಎಳೆದು ನೋಡೋದು ನಿಮ್ಮ ಚಿಕ್ಕಪ್ಪನ ಅಭ್ಯಾಸ" ಅಂದಳು. "ಸ್ಕ್ರಿಪ್ಟ್ ಓದಿದ ದಿನವೇ ಗೊತ್ತಾಯ್ತು ನಂಗೆ. ಆದ್ರೆ ಅವರು ಎಳೀತಾ ಇದ್ದದ್ದು ಎರಡು ಸಲ. ನೀನು ಒಂದು ಸಲ ಅಂತ ಬರೆದಿದ್ದೀಯ."

ನನಗೆ ಮಾತು ಹೊರಡಲಿಲ್ಲ.

"ಆ ಉಸಿರು ಬಿಡೋದು ಇರಲಿ" ಅಂದಳು. "ಫೋನ್ ಬಡ್ಕೊಳ್ಳೋದು ಬೇಡ. ನಾನು ಬೆಚ್ಚಿ ಬೀಳೋದು ಚೆನ್ನಾಗಿಲ್ಲ. ಅದಕ್ಕೂ ಮುಂಚೆ ನಿಲ್ಲಿಸು. ಬೀಗ ಮಾತ್ರ ಸರಿ ಮಾಡು."

ಫೋನ್ ರಿಂಗ್ ಆಗುವ 6 ಫ್ರೇಮ್ ಮುಂಚೆ ಕಟ್ ಮಾಡಿದೆ. 210 ಉಳಿದವು. ಬೀಗ ಎಳೆಯುವುದನ್ನು ಪೂರ್ತಿ ಮತ್ತೆ ತೆಗೆದರೆ ಆ ಉಸಿರು ಹೋಗುತ್ತದೆ, ಅದಕ್ಕೆ ಕೈ ಮತ್ತು ಬೀಗದ ಕ್ಲೋಸ್ ಅಪ್ ಮಾತ್ರ ಬೇರೆಯಾಗಿ ತೆಗೆದು ನಡುವೆ ಸೇರಿಸೋಣ ಅಂತ ಅವಳಿಗೆ ವಿವರಿಸಿದೆ. ಭಾನುವಾರ ಬೆಳಿಗ್ಗೆ ಅದೇ ಬಾಗಿಲಿಗೆ ಹೋದೆವು. ಅದೇ ಬಳೆ ಹಾಕಿಕೊಂಡು ಬಂದಿದ್ದಳು, ನಾನು ಹೇಳಲು ಮರೆತಿದ್ದೆ. ಬೀಗ ಹಾಕಿದಳು. ಎಳೆದಳು. ಇನ್ನೊಂದು ಸಲ ಎಳೆದಳು. ಬೆರಳು ಬೀಗದ ಮೇಲೆ ಹಾಗೇ ಇತ್ತು. ನಾನು ಕಾಯುತ್ತಾ ನಿಂತೆ, ಅವಳು ತಾನಾಗಿ ಕೈ ತೆಗೆದು ನನ್ನ ಕಡೆ ತಿರುಗಿ ನೋಡುವವರೆಗೆ. ಆಮೇಲೆ ಕಟ್ ಹೇಳಿದೆ.